ಪುಟ್ಟ ಗಾಳಿ ಸುರಂಗದಿಂದ ಸೂಪರ್ ಕಂಪ್ಯೂಟರ್ ಕೇಂದ್ರದ ಹೆಸರಿನವರೆಗೆ: ಸತೀಶ್ ಧವನ್ ಬದುಕಿನ ಹಾದಿ
ತಿರುವನಂತಪುರ: 2011ರ ಮೇ 2ರಂದು ಇಲ್ಲಿನ ವಿಕ್ರಂ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದಲ್ಲಿ ಸಾಗಾ-220 ಎಂಬ ಸೂಪರ್ ಕಂಪ್ಯೂಟರ್ ಉದ್ಘಾಟನೆಯಾಯಿತು. ಸೆಕೆಂಡಿಗೆ ಗರಿಷ್ಠ 220 ಲಕ್ಷ ಕೋಟಿ ಲೆಕ್ಕ ಮಾಡಬಲ್ಲ ಈ ಯಂತ್ರಕ್ಕೆ ತಗುಲಿದ ವೆಚ್ಚ ಸುಮಾರು 14 ಕೋಟಿ ರೂಪಾಯಿ. ಅದನ್ನು ಇರಿಸಿದ ಕೇಂದ್ರಕ್ಕೆ ಸತೀಶ್ ಧವನ್ ಹೆಸರಿಡಲಾಯಿತು. ಅವರು ತೀರಿಕೊಂಡು ಆಗಲೇ ಒಂಬತ್ತು ವರ್ಷ ಕಳೆದಿತ್ತು.

ಧವನ್ ಹುಟ್ಟಿದ್ದು 1920ರ ಸೆಪ್ಟೆಂಬರ್ 25ರಂದು, ಶ್ರೀನಗರದಲ್ಲಿ. ಲಾಹೋರ್‌ನಲ್ಲಿ ಗಣಿತ ಮತ್ತು ಭೌತಶಾಸ್ತ್ರ, ಬಳಿಕ ಇಂಗ್ಲಿಷ್ ಸಾಹಿತ್ಯದಲ್ಲಿ ಎಂಎ, ಅದಾದ ಮೇಲೆ ಮೆಕ್ಯಾನಿಕಲ್ ಎಂಜಿನಿಯರಿಂಗ್! ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಪಿಎಚ್‌ಡಿ ಮುಗಿಸಿ 1951ರಲ್ಲಿ ಬೆಂಗಳೂರಿಗೆ ಬಂದು, ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಅಲ್ಲಿ ಅವರು ಕಟ್ಟಿದ್ದು ದೇಶದ ಮೊದಲ ಸೂಪರ್‌ಸಾನಿಕ್ ಗಾಳಿ ಸುರಂಗ. ಶಬ್ದಕ್ಕಿಂತ ವೇಗವಾಗಿ ಸಾಗುವ ವಸ್ತುವಿನ ಸುತ್ತ ಗಾಳಿ ಹೇಗೆ ಹರಿಯುತ್ತದೆ ಎಂದು ಅದರಲ್ಲಿ ಅಳೆಯಬಹುದಿತ್ತು. ಮುಂದೆ ಅದೇ ಸಂಸ್ಥೆಗೆ ನಿರ್ದೇಶಕರಾಗಿ 1981ರವರೆಗೂ ಮುನ್ನಡೆಸಿದರು.

1971ರ ಡಿಸೆಂಬರ್ 30ರಂದು ವಿಕ್ರಂ ಸಾರಾಭಾಯಿ ತಿರುವನಂತಪುರ ಬಳಿಯ ಕೋವಳಂನಲ್ಲಿ ಹಠಾತ್ತನೆ ನಿಧನರಾದರು. ಧವನ್ ಆಗ ಕ್ಯಾಲ್‌ಟೆಕ್‌ನಲ್ಲಿದ್ದರು. ಇಸ್ರೋ ಹೊಣೆ ಹೊರುವಂತೆ ಪ್ರಧಾನಿ ಇಂದಿರಾ ಗಾಂಧಿ ಕೇಳಿದಾಗ ಅವರು ಷರತ್ತು ಹಾಕಿದರು: ವಿಜ್ಞಾನ ಸಂಸ್ಥೆಯ ಹುದ್ದೆ ಬಿಡುವುದಿಲ್ಲ, ಇಸ್ರೋ ಪ್ರಧಾನ ಕಚೇರಿ ಬೆಂಗಳೂರಿನಲ್ಲೇ ಇರಬೇಕು. ಎರಡಕ್ಕೂ ಒಪ್ಪಿಗೆ ಸಿಕ್ಕಿತು. ಇಸ್ರೋ ಇಂದು ಬೆಂಗಳೂರಿನಲ್ಲಿರುವುದರ ಹಿಂದೆ ಈ ಹಟವಿದೆ.

ನಿಜವಾದ ಪರೀಕ್ಷೆ ಬಂದಿದ್ದು 1979ರ ಆಗಸ್ಟ್ 10ರಂದು. ತಿರುವನಂತಪುರದ ಎಂಜಿನಿಯರ್‌ಗಳು ವರ್ಷಗಟ್ಟಲೆ ದುಡಿದು ರೂಪಿಸಿದ ಎಸ್‌ಎಲ್‌ವಿ-3 ರಾಕೆಟ್ ಶ್ರೀಹರಿಕೋಟಾದಿಂದ ಹಾರಿ ಬಂಗಾಳ ಕೊಲ್ಲಿಗೆ ಬಿತ್ತು. ಯೋಜನೆಯ ನಿರ್ದೇಶಕ ಎ.ಪಿ.ಜೆ. ಅಬ್ದುಲ್ ಕಲಾಂ. ಆದರೆ ಪತ್ರಕರ್ತರ ಮುಂದೆ ಕುಳಿತು ಸೋಲಿನ ಹೊಣೆ ಹೊತ್ತವರು ಧವನ್. 1980ರ ಜುಲೈ 18ರಂದು ರೋಹಿಣಿ ಉಪಗ್ರಹ ಕಕ್ಷೆ ಸೇರಿದಾಗ ಸುದ್ದಿಗೋಷ್ಠಿಗೆ ಕಲಾಂ ಅವರನ್ನೇ ಮುಂದೆ ಕಳುಹಿಸಿದರು. ಕಲಾಂ ಇದನ್ನು ಕೊನೆವರೆಗೂ ನೆನೆಯುತ್ತಿದ್ದರು.

1984ರಲ್ಲಿ ಇಸ್ರೋ ಅಧ್ಯಕ್ಷ ಸ್ಥಾನದಿಂದ ನಿವೃತ್ತರಾದ ಧವನ್, 2002ರ ಜನವರಿ 3ರಂದು ಬೆಂಗಳೂರಿನಲ್ಲಿ ನಿಧನರಾದರು. ಶ್ರೀಹರಿಕೋಟಾ ಕೇಂದ್ರಕ್ಕೆ ಅದೇ ವರ್ಷ ಅವರ ಹೆಸರು ಬಂತು.

ಇನ್ನು ತಿರುವನಂತಪುರದ ಯಂತ್ರದ ಮಾತು. ಸಾಗಾದಲ್ಲಿ ಇಂಟೆಲ್‌ನ 400 ಸಾಮಾನ್ಯ ಪ್ರೊಸೆಸರ್‌ಗಳ ಜೊತೆ ಎನ್‌ವಿಡಿಯಾದ 400 ಗ್ರಾಫಿಕ್ಸ್ ಪ್ರೊಸೆಸರ್‌ಗಳಿದ್ದವು. ಎರಡರ ಒಳರಚನೆ ಬೇರೆ, ಅರ್ಥವಾಗುವ ಆದೇಶಗಳೂ ಬೇರೆ. ಒಂದಕ್ಕೆ ಸಿದ್ಧಪಡಿಸಿದ ತಂತ್ರಾಂಶ ಇನ್ನೊಂದರಲ್ಲಿ ಹಾಗೇ ಓಡುವುದಿಲ್ಲ. ರಾಕೆಟ್ ಸುತ್ತಲಿನ ಜಾಗವನ್ನು ಪುಟ್ಟ ಪುಟ್ಟ ಚೌಕಗಳಾಗಿ ಒಡೆದು ಗಾಳಿಯ ಒತ್ತಡ, ವೇಗವನ್ನು ಲೆಕ್ಕ ಹಾಕಲು ಅಲ್ಲಿನವರು ಪಾರಸ್ ಎಂಬ ತಂತ್ರಾಂಶ ಬೆಳೆಸಿದ್ದರು. ಇಂಥ ಕೆಲಸಕ್ಕೆ ಭಾರಿ ಲೆಕ್ಕವನ್ನು ಗ್ರಾಫಿಕ್ಸ್ ಪ್ರೊಸೆಸರ್‌ಗೆ ಹೊಂದುವಂತೆ ಬೇರೆಯಾಗಿ ಬರೆಯಬೇಕು. ಕೆಲಸ ಹಂಚುವಾಗಲೂ ಎಚ್ಚರ ಬೇಕು: ಒಂದು ಪ್ರೊಸೆಸರ್ ತಡ ಮಾಡಿದರೆ ಉಳಿದವು ಅದರ ಉತ್ತರಕ್ಕಾಗಿ ಕಾಯುತ್ತಾ ಕೂರುತ್ತವೆ. ಲೆಕ್ಕ ಮುಗಿದ ಮೇಲೂ ಅದು ಸರಿಯೇ ಎಂದು ತಾಳೆ ನೋಡಲು ಗಾಳಿ ಸುರಂಗದ ಅಳತೆಗಳು ಬೇಕೇ ಬೇಕು.