ಪಂಡಿತಾ ರಮಾಬಾಯಿಯವರೂ ಬಾವಿಯ ಬಳಿಯ ಸ್ತ್ರೀಯೂ

ತುಂಗಾ, ಭದ್ರಾ, ನೇತ್ರಾವತಿ ಎಂಬ ಮೂರು ಹೊಳೆಗಳು ಹುಟ್ಟುವ ಗಂಗಾಮೂಲವು ನಮ್ಮ ಕನ್ನಡ ಸೀಮೆಯ ಪಶ್ಚಿಮ ಘಟ್ಟಗಳಲ್ಲಿ ಇರುವದು. ಆ ದಟ್ಟವಾದ ಅಡವಿಯಲ್ಲಿ 1858ನೆಯ ಇಸವಿ ಏಪ್ರಿಲ್ 23ರಂದು ಒಬ್ಬ ಬ್ರಾಹ್ಮಣ ಶಾಸ್ತ್ರಿಯ ಮನೆಯಲ್ಲಿ ಹೆಣ್ಣು ಮಗುವೊಂದು ಹುಟ್ಟಿತು. ಮುಂದೆ ಪಂಡಿತಾ ರಮಾಬಾಯಿ ಎಂದು ಹೆಸರುವಾಸಿಯಾದವರು ಇವರೇ. ಮಹಾರಾಷ್ಟ್ರದವರು ಅವರನ್ನು ತಮ್ಮವರೆಂದು ಹೇಳಿಕೊಳ್ಳುವದು ನ್ಯಾಯವೇ. ಆದರೂ ಅವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳ ಗ್ರಾಮದವರೆಂಬದನ್ನು ನಾವು ಮರೆಯಬಾರದು.

ಈ ಶಾಸ್ತ್ರಿಗಳು ವಿಚಿತ್ರ ಮನುಷ್ಯರು. ಸ್ತ್ರೀಯರಿಗೆ ಸಂಸ್ಕೃತವನ್ನು ಕಲಿಸಬಾರದೆಂದು ಜನರೆಲ್ಲರು ನಂಬಿದ್ದ ಕಾಲದಲ್ಲಿ ಅವರು ತಮ್ಮ ಹೆಂಡತಿಯಾದ ಲಕ್ಷ್ಮೀಬಾಯಿಗೆ ಅದನ್ನು ಕಲಿಸಿದರು. ಬಂಧುಬಳಗದವರು ವಿರೋಧಿಸಲಾಗಿ ಮನೆಯನ್ನು ಬಿಟ್ಟು ಅಡವಿಯನ್ನು ಸೇರಿದರು. ರಮೆಯು ಆರು ತಿಂಗಳ ಕೂಸಾಗಿದ್ದಾಗ ಕುಟುಂಬವು ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಬೆಟ್ಟದಿಂದ ಕೆಳಗೆ ತಂದರಂತೆ. ಅಂದಿನಿಂದ ಆಕೆಗೆ ಸ್ಥಿರವಾದ ಮನೆಯೆಂಬದಿರಲಿಲ್ಲ. ಪುಣ್ಯಕ್ಷೇತ್ರದಿಂದ ಪುಣ್ಯಕ್ಷೇತ್ರಕ್ಕೆ ನಡೆಯುತ್ತಾ, ಪುರಾಣವನ್ನು ಓದಿ ದೊರೆತದ್ದನ್ನು ಉಣ್ಣುತ್ತಾ, ತಾಯಿಯ ಬಾಯಿಂದಲೇ ಪಾಠವನ್ನು ಕಲಿತು, ಯೌವನದಲ್ಲಿ ಭಾಗವತದ 18,000 ಶ್ಲೋಕಗಳನ್ನು ಬಾಯಿಪಾಠವಾಗಿ ಹೇಳಬಲ್ಲವಳಾದಳು.

ತರುವಾಯ ಬರಗಾಲವು ಬಂತು. ಕೈಯಲ್ಲಿದ್ದ ಹಣವೆಲ್ಲಾ ವ್ರತ ದಾನಗಳಿಗೆ ಮುಗಿದುಹೋಗಿತ್ತು; ಕೂಲಿ ಮಾಡುವದಕ್ಕೂ ಭಿಕ್ಷೆ ಬೇಡುವದಕ್ಕೂ ನಾಚಿಕೆಯು ಅಡ್ಡಬಂತು. ಹನ್ನೊಂದು ದಿವಸ ಅಡವಿಯಲ್ಲಿ ಎಲೆಗಳನ್ನು ತಿಂದು ನೀರನ್ನು ಕುಡಿದು ಜೀವ ಹಿಡಿದರು. ತಂದೆಯು ಸತ್ತನು, ಸ್ವಲ್ಪ ಕಾಲದಲ್ಲೇ ತಾಯಿಯೂ ಸತ್ತಳು. ತಾಯಿಯ ಚಟ್ಟವನ್ನು ಹೊರುವದಕ್ಕೆ ಸಾಕಷ್ಟು ಜನರು ಬರಲಿಲ್ಲವಾದ್ದರಿಂದ ಮಗಳೂ ಹೆಗಲು ಕೊಡಬೇಕಾಯಿತು. ಆದರೆ ಆಕೆಯು ಕುಳ್ಳಾಗಿದ್ದದರಿಂದ ಹೆಗಲಿನ ಮೇಲಲ್ಲ, ತಲೆಯ ಮೇಲೆ ಹೊತ್ತುಕೊಂಡು ನಡೆದಳು. ಅಕ್ಕನೂ ತೀರಿಹೋದ ಮೇಲೆ ಅಣ್ಣ ಶ್ರೀನಿವಾಸನೂ ತಂಗಿಯೂ ಇಬ್ಬರೇ ಉಳಿದು ಕಾಶ್ಮೀರದ ವರೆಗೂ ಕಾಲ್ನಡೆಯಿಂದ ಹೋದರು. ಚಳಿಯನ್ನು ತಾಳಲಾರದೆ ಹೊಳೆಯ ದಡದಲ್ಲಿ ಗುಂಡಿ ತೋಡಿ, ಕುತ್ತಿಗೆಯ ವರೆಗೆ ಮರಳನ್ನು ಮುಚ್ಚಿಕೊಂಡು ಮಲಗಿದ್ದುಂಟು. ದೇವರು ಒಂದು ದಿನವಾದರೂ ದರ್ಶನ ಕೊಡುವನೆಂದು ಕಾದ ಈ ಇಬ್ಬರ ನಂಬಿಕೆಯು ದಾರಿಯಲ್ಲಿಯೇ ಸ್ವಲ್ಪ ಸ್ವಲ್ಪವಾಗಿ ಸವೆದುಹೋಯಿತು.

1878ರಲ್ಲಿ ಕಲ್ಕತ್ತೆಯ ಪಂಡಿತರು ಈ ಯುವತಿಯ ವಿದ್ಯೆಯನ್ನು ಕಂಡು ಬೆರಗಾಗಿ ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನು ಕೊಟ್ಟರು. ಅಲ್ಲಿ ಅಣ್ಣತಂಗಿಯರು ಮೊದಲನೆಯ ಸಾರಿ ಕ್ರೈಸ್ತರ ಒಂದು ಕೂಟಕ್ಕೆ ಹೋದರು. ಜನರು ಕುರ್ಚಿಗಳ ಮುಂದೆ ಮೊಣಕಾಲೂರಿ ಕಣ್ಣು ಮುಚ್ಚಿದ್ದನ್ನು ನೋಡಿ, ಇವರು ಕುರ್ಚಿಗಳನ್ನು ಪೂಜಿಸುವವರೆಂದು ಭಾವಿಸಿಕೊಂಡರು! ಕೂಟಕ್ಕೆ ಬಂದ ನೆರೆಯವರಿಗೆ ನಾವು ಏನನ್ನೂ ವಿವರಿಸದೆ ಕಳುಹಿಸುವದುಂಟಷ್ಟೆ. ಅವರು ಮನೆಗೆ ಹೋಗಿ ಏನು ಹೇಳುವರೋ ಯಾರು ಬಲ್ಲರು? ಸಂಸ್ಕೃತದ ಸತ್ಯವೇದವೊಂದು ಆಗ ಅವರ ಕೈಗೆ ಬಂತಾದರೂ, ಅದರ ಅರ್ಥವು ಮನಸ್ಸಿಗೆ ಹತ್ತಲಿಲ್ಲ.

1880ರಲ್ಲಿ ಅಣ್ಣನು ಸತ್ತನು. ಅದೇ ವರ್ಷ ರಮಾಬಾಯಿಯವರು ಜಾತಿಯ ಕಟ್ಟನ್ನು ಮೀರಿ ಬಿಪಿನ್ ಬಿಹಾರಿ ಎಂಬ ಬಂಗಾಳಿ ವಕೀಲರನ್ನು ಮದುವೆಯಾಗಿ ಅಸ್ಸಾಮಿನ ಸಿಲ್ಚಾರಿಗೆ ಹೋದರು. ಗಂಡನ ಪುಸ್ತಕಗಳ ನಡುವೆ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯು ಸಿಕ್ಕಿತು. ಆಲನ್ ಎಂಬ ಬ್ಯಾಪ್ಟಿಸ್ಟ್ ಮಿಷನೆರಿಯು ಬಂದು ಆದಿಕಾಂಡದ ಸಂಗತಿಗಳನ್ನು ತಿಳಿಸಿದನು. ಆಕೆಯ ಮನಸ್ಸು ಒಲಿದದ್ದನ್ನು ಕಂಡು ಗಂಡನಿಗೆ ಅಸಮಾಧಾನವಾಯಿತು. ಮದುವೆಯಾಗಿ ಎರಡು ವರ್ಷ ತುಂಬುವದರೊಳಗೆ ಅವರು ವಾಂತಿಭೇದಿಯಿಂದ ತೀರಿಹೋದರು. ಮನೋರಮೆಯೆಂಬ ಕೂಸನ್ನೆತ್ತಿಕೊಂಡು ವಿಧವೆಯು ಪುಣೆಗೆ ಬಂದು, 1883ರಲ್ಲಿ ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಹೋದರು.

ಅಲ್ಲಿ ವಾಂಟೇಜ್ ಊರಿನ ಸಹೋದರಿಯರು ಅವರನ್ನು ಲಂಡನಿನ ಫುಲಂ ಎಂಬಲ್ಲಿದ್ದ ಒಂದು ಆಶ್ರಮಕ್ಕೆ ಕಳುಹಿಸಿದರು. ಕೆಟ್ಟುಹೋದವರೆಂದು ಲೋಕವು ಬಿಟ್ಟುಬಿಟ್ಟ ಹೆಂಗಸರನ್ನು ಅಲ್ಲಿ ಕರೆತಂದು ಸಲಹುತ್ತಿದ್ದರು. ರಮಾಬಾಯಿಯವರಿಗೆ ಇದು ದೊಡ್ಡ ಒಗಟಾಯಿತು. ತಾವು ಓದಿದ ಗ್ರಂಥಗಳಲ್ಲಿ ಅಂಥವಳಿಗೆ ಕರುಣೆಯ ಮಾತೊಂದೂ ಅವರಿಗೆ ಕಂಡುಬಂದಿರಲಿಲ್ಲ. ಸ್ತ್ರೀಯು ಸ್ತ್ರೀಯಾಗಿಯೇ ಮೋಕ್ಷ ಹೊಂದಲಾರಳೆಂದು ಅವರು ತಿಳಿದಿದ್ದರು. ಶೀಲವಂತೆಯರಾದ ಸ್ತ್ರೀಯರು ಈ ಬಿದ್ದವರನ್ನು ಮುಟ್ಟಿ ಶುಶ್ರೂಷೆ ಮಾಡುವದಕ್ಕೆ ಕಾರಣವೇನೆಂದು ಒಬ್ಬ ಸಹೋದರಿಯನ್ನು ಕೇಳಿದರು. ಆಕೆಯು ವಾದಿಸಲಿಲ್ಲ. ಯೋಹಾನನ ಸುವಾರ್ತೆಯನ್ನು ತೆರೆದು, ಸಮಾರ್ಯದ ಸ್ತ್ರೀಯ ಕಥೆಯನ್ನು ಓದಿ, ಪಾಪಿಗಳ ಮೇಲೆ ಕ್ರಿಸ್ತನಿಗಿದ್ದ ಪ್ರೀತಿಯನ್ನು ತಿಳಿಸಿದಳು.

ವಾಚಕರೇ, ಆ ಕಥೆಯು ನಿಮಗೆ ಗೊತ್ತು. ನಡು ಮಧ್ಯಾಹ್ನದಲ್ಲಿ ಕೊಡವನ್ನು ಹಿಡಿದು ಒಂಟಿಯಾಗಿ ಬರುವ ಹೆಂಗಸು; ಆಕೆಯ ಕೈಯಿಂದ ನೀರು ಕೇಳುವ ಕರ್ತನು. ಯಾರ ಕೊಡದ ನೀರನ್ನು ಯಾರು ಕುಡಿಯಬಹುದೆಂಬ ಕಟ್ಟಳೆಯನ್ನು ನಮ್ಮ ಹಳ್ಳಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ನೀರಿಗೋಸ್ಕರ ದೂರ ನಿಂತು ಕಾದವರ ಮಕ್ಕಳು ನಮ್ಮ ಸಭೆಗಳಲ್ಲಿ ಬಹು ಮಂದಿ ಇದ್ದಾರೆ. ಆದಕಾರಣ ಹದಿನೆಂಟು ಸಾವಿರ ಶ್ಲೋಕಗಳನ್ನು ಬಲ್ಲ ಪಂಡಿತೆಯ ಹೃದಯವು ಆ ಒಂದೇ ಅಧ್ಯಾಯಕ್ಕೆ ಏಕೆ ಕರಗಿತೆಂಬದನ್ನು ನಾವು ಇತರರಿಗಿಂತ ಚೆನ್ನಾಗಿ ಬಲ್ಲೆವು. 1883 ಸೆಪ್ಟೆಂಬರ್ 29ರಂದು ವಾಂಟೇಜಿನಲ್ಲಿ ತಾಯಿಗೂ ಮಗಳಿಗೂ ದೀಕ್ಷಾಸ್ನಾನವಾಯಿತು.

ಆದರೆ ಸಂತೋಷವು ಅಂದೇ ಪೂರ್ಣವಾಗಲಿಲ್ಲ. ಈ ಸಂಗತಿಯನ್ನು ಮುಚ್ಚಿಡದೆ ಅವರೇ ಮುಂದೆ ಬರೆದಿಟ್ಟರು. ಕ್ರೈಸ್ತ ಮತವು ತಮಗೆ ದೊರೆಯಿತು, ಕ್ರಿಸ್ತನು ಇನ್ನೂ ದೊರೆಯಲಿಲ್ಲವೆಂಬದೇ ಅವರ ಮನಸ್ಸಿನ ಕೊರತೆಯಾಗಿತ್ತು. ಬುದ್ಧಿಗೆ ಒಪ್ಪಿಗೆಯಾಗಿತ್ತು, ಹೃದಯವು ಮಾತ್ರ ಬಾಗಿಲ ಹೊರಗೇ ನಿಂತಿತ್ತು. 1889ರಲ್ಲಿ ಬೊಂಬಾಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದು ಮರುವರ್ಷ ಪುಣೆಗೆ ಸಾಗಿಸಿದಾಗಲೂ ಆ ಬರಿದುತನವು ಹೋಗಿರಲಿಲ್ಲ. ಬೋಧಕನಾಗಿದ್ದುಕೊಂಡೇ ಬಹು ತಡವಾಗಿ ಮಾನಸಾಂತರ ಹೊಂದಿದ ಹಾಸ್ಲಮ್ ಎಂಬ ಇಂಗ್ಲಿಷ್ ಪಾದ್ರಿಯ ಜೀವಿತದ ಪುಸ್ತಕವು ಸುಮಾರು 1891ರಲ್ಲಿ ಅವರ ಕೈಗೆ ಬಂತು. ತಾನು ಏನನ್ನಾದರೂ ಸಂಪಾದಿಸಿಕೊಂಡು ಬರಬೇಕಾಗಿಲ್ಲ, ಇದ್ದ ಹಾಗೆಯೇ ಬಂದರೆ ಸಾಕು ಎಂಬದು ಆಗ ಅವರಿಗೆ ಮನದಟ್ಟಾಯಿತು. ತೀರ್ಥಯಾತ್ರೆಯಲ್ಲಿ ಬೆಳೆದವರಿಗೆ ಇದು ಸುಲಭವಾದ ಪಾಠವಲ್ಲ.

ಆ ಆನಂದವನ್ನು ಬಚ್ಚಿಡಲಾರದೆ ಹೋದದರಿಂದ ಕಷ್ಟವೂ ಬಂತು. ಹುಡುಗಿಯರು ಅವರ ಪ್ರಾರ್ಥನೆಗೆ ಬರುತ್ತಾರೆಂದು 1893ರಲ್ಲಿ ಪುಣೆಯಲ್ಲಿ ಗದ್ದಲವಾಗಿ, ಸಹಾಯಕರು ಬಿಟ್ಟುಹೋದರು. ಅನೇಕ ವಿದ್ಯಾರ್ಥಿನಿಯರನ್ನು ಮನೆಯವರು ಕರೆದುಕೊಂಡು ಹೋದರು. 1896ರಲ್ಲಿ ಮಧ್ಯಪ್ರಾಂತಗಳಲ್ಲಿ ಬರಗಾಲವೆಂಬ ಸುದ್ದಿ ಬಂದಾಗ, ಎಲೆ ತಿಂದು ಬದುಕಿದ್ದ ಈ ಸ್ತ್ರೀಯು ಸುಮ್ಮನೆ ಕೂಡ್ರುವರೇ? ತಾವೇ ಹೋಗಿ, ಹಸಿವಿನಿಂದ ಸಾಯುತ್ತಿದ್ದ ಸುಮಾರು 300 ಮಂದಿ ಹೆಣ್ಣುಮಕ್ಕಳನ್ನೂ ಸ್ತ್ರೀಯರನ್ನೂ ಕರೆತಂದರು. ಪುಣೆಯಿಂದ ಆಚೆ ಕೇಡಗಾಂವದಲ್ಲಿ ಕೊಂಡಿದ್ದ ಹೊಲದಲ್ಲಿ ಅವರಿಗೆ ಮನೆಗಳಾದವು. ಅದಕ್ಕೆ ಮುಕ್ತಿ ಎಂದು ಹೆಸರಾಯಿತು. 1900ರ ಬರಗಾಲದಲ್ಲಿ ಗುಜರಾತಿನಿಂದಲೂ ಬಂದ ಮೇಲೆ ಅಲ್ಲಿ ಉಣ್ಣುವವರ ಸಂಖ್ಯೆಯು ಸಾವಿರವನ್ನು ಮೀರಿತು. ಅವರು ನೇಯ್ಗೆ, ಬೇಸಾಯ, ಅಚ್ಚಿನ ಕೆಲಸಗಳನ್ನು ಕಲಿತರು. ಕುರುಡರ ಮನೆಗೆ ಯೆರಿಕೋವಿನ ಕುರುಡ ಭಿಕ್ಷುಕನ ಹೆಸರಿನಿಂದ ಬಾರ್ತಿಮಿ ಸದನವೆಂದು ಕರೆದರು. ಫುಲಮಿನಲ್ಲಿ ಕಂಡಂಥವರಿಗೂ ಒಂದು ಮನೆಯು ಬೇರೆಯಾಗಿ ಏರ್ಪಟ್ಟಿತು. ಅದು ಕೃಪಾ ಸದನ.

ಕಡೇ ವರ್ಷಗಳಲ್ಲಿ ಕಿವಿಯು ಬಹಳ ಮಂದವಾಗಿದ್ದಾಗ್ಯೂ, ಇಬ್ರಿಯ ಗ್ರೀಕ್ ಭಾಷೆಗಳನ್ನು ಕಲಿತು, ಹಳ್ಳಿಯ ಹೆಂಗಸಿಗೂ ತಿಳಿಯುವ ಮರಾಠಿಯಲ್ಲಿ ಸತ್ಯವೇದವನ್ನೆಲ್ಲಾ ತಾವೇ ಭಾಷಾಂತರಿಸಿದರು. ಬರಗಾಲದಿಂದ ಬದುಕಿ ಉಳಿದ ಹುಡುಗಿಯರು ಮುಕ್ತಿಯ ಅಚ್ಚುಕೂಟದಲ್ಲಿ ಅಚ್ಚಿನ ಮೊಳೆಗಳನ್ನು ಜೋಡಿಸಿದರು. 1921ರಲ್ಲಿ ಮನೋರಮೆಯು ತೀರಿಕೊಂಡಳು. ತಾಯಿಯು ಕೆಲಸವನ್ನು ನಿಲ್ಲಿಸಲಿಲ್ಲ. 1922 ಏಪ್ರಿಲ್ 5ರಂದು ರಮಾಬಾಯಿಯವರು ಕರ್ತನಲ್ಲಿ ನಿದ್ರೆ ಹೋದರು. ಭಾಷಾಂತರವು ಆಗಲೇ ಮುಗಿದಿತ್ತು. 1924ರಲ್ಲಿ ಸತ್ಯವೇದವು ಪೂರ್ಣವಾಗಿ ಪ್ರಕಟವಾಯಿತು.