ಅಂಕಿಗಳಿಂದ ಕೊರಳ ಸರ ಪೋಣಿಸಿದ ಮಹಾವೀರಾಚಾರ್ಯ: ಗ್ರಂಥ ಉಳಿಸಿದ್ದರಲ್ಲಿ ಮೂಡುಬಿದಿರೆಗೂ ಪಾಲು

ಉಳ್ಳಾಲ: ಅಂಗಡಿಯ ಕ್ಯಾಲ್ಕುಲೇಟರಿನಲ್ಲಿ 152207 ಒತ್ತಿ, 73ರಿಂದ ಗುಣಿಸಿ ನೋಡಿ. ಸಾಲಾಗಿ ಎಂಟು ಒಂದುಗಳು ಬರುತ್ತವೆ: 11111111. ಈ ಲೆಕ್ಕ ಸಾವಿರ ವರ್ಷಕ್ಕೂ ಹಿಂದೆ ಬದುಕಿದ್ದ ಜೈನ ಗಣಿತಜ್ಞ ಮಹಾವೀರಾಚಾರ್ಯರದ್ದು. ತೀರ್ಥಂಕರ ಮಹಾವೀರ ಬೇರೆ, ಇವರು ಬೇರೆ.

ಇವರ ಕಾಲ ಸುಮಾರು ಕ್ರಿ.ಶ. 850. ಆಗ ಕನ್ನಡ ನಾಡನ್ನು ಆಳುತ್ತಿದ್ದವನು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗ. ರಾಜಧಾನಿ ಮಾನ್ಯಖೇಟ, ಅಂದ್ರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ'ದಲ್ಲಿ ಈ ದೊರೆಯನ್ನು ಹೊಗಳಿದ್ದಾರೆ. ಆದರೆ ತಮ್ಮ ಊರು ಯಾವುದು, ತಂದೆ ತಾಯಿ ಯಾರು ಎಂದು ಒಂದು ಮಾತೂ ಬರೆದುಕೊಂಡಿಲ್ಲ. ಅವರ ಬದುಕು ಅಂದ್ರೆ ಈ ಪುಸ್ತಕವೇ.

ಅದಕ್ಕೂ ಮೊದಲು ನಮ್ಮಲ್ಲಿ ಗಣಿತ ಹೆಚ್ಚಾಗಿ ಜ್ಯೋತಿಷ ಗ್ರಂಥಗಳ ಒಂದು ಭಾಗವಾಗಿ ಬರುತ್ತಿತ್ತು. ಇವರು ಬರೀ ಲೆಕ್ಕಕ್ಕೇ ಒಂಬತ್ತು ಅಧ್ಯಾಯಗಳ ಗ್ರಂಥ ಬರೆದರು. ವ್ಯಾಪಾರಕ್ಕೂ ಬೇಕು, ಅಡುಗೆಗೂ ಬೇಕು, ಸಂಗೀತಕ್ಕೂ ಬೇಕು, ಲೆಕ್ಕ ಬಿಟ್ಟು ಯಾವುದೂ ಇಲ್ಲ ಎಂಬುದು ಅವರ ನಿಲುವು. ಬಡ್ಡಿ, ತ್ರೈರಾಶಿ, ಬೇರೆ ಬೇರೆ ಶುದ್ಧತೆಯ ಬಂಗಾರ ಬೆರೆಸುವ ಲೆಕ್ಕ ಎಲ್ಲವೂ ಅದರಲ್ಲಿವೆ. ಶಾಲೆಯಲ್ಲಿ ಮಕ್ಕಳು ಭಿನ್ನರಾಶಿ ಕೂಡಿಸಲು ಬಳಸುವ ಲ.ಸಾ.ಅ.ವನ್ನು ಅವರು 'ನಿರುದ್ಧ' ಎಂದು ಕರೆದರು.

ಎಡದಿಂದಲೂ ಬಲದಿಂದಲೂ ಒಂದೇ ರೀತಿ ಓದಬಹುದಾದ ಗುಣಲಬ್ಧಗಳಿಗೆ ಅವರು ಕೊಟ್ಟ ಹೆಸರು ಕೊರಳ ಆಭರಣ. ಇದರ ಗುಟ್ಟು ಅವಿಭಾಜ್ಯ ಅಪವರ್ತನಗಳಲ್ಲಿದೆ. 11, 111, 1111 ಎಂದು ಒಂದುಗಳ ಸಾಲು ಬೆಳೆಸುತ್ತಾ ಹೋಗಿ. 11 ಒಡೆಯುವುದಿಲ್ಲ. 111 ಅಂದ್ರೆ 3×37. 1111 ಅಂದ್ರೆ 11×101. ಎಂಟು ಒಂದುಗಳ ಸಂಖ್ಯೆ 11×73×101×137. ಇದರಲ್ಲಿ 73 ಬದಿಗಿಟ್ಟು ಉಳಿದ ಮೂರನ್ನು ಗುಣಿಸಿದರೆ 152207 ಸಿಗುತ್ತದೆ, ಅಷ್ಟೇ. ಅವರ ಇನ್ನೊಂದು ಸರ 27994681×441. ಉತ್ತರ 12345654321, ಅಂದ್ರೆ 111111ರ ವರ್ಗ.

ತಪ್ಪೂ ಆಗಿದೆ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೆಯೇ ಉಳಿಯುತ್ತದೆ ಎಂದು ಬರೆದಿದ್ದರು. ಅದು ಸರಿಯಲ್ಲ. ಆದರೆ ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಎಂದು ಆ ಕಾಲದಲ್ಲೇ ಹೇಳಿದ್ದರು.

11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದ. ಮುದ್ರಣವಾದದ್ದು ಮಾತ್ರ 1912ರಲ್ಲಿ, ಮದ್ರಾಸಿನಲ್ಲಿ, ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಂದಿಗೆ. ಅದಕ್ಕಾಗಿ ಅವರು ಹೋಲಿಸಿ ನೋಡಿದ ಹಸ್ತಪ್ರತಿಗಳಲ್ಲಿ ಮದ್ರಾಸು, ಮೈಸೂರಿನವುಗಳ ಜೊತೆ ಮೂಡುಬಿದಿರೆ ಜೈನ ಮಠದ ತಾಳೆಗರಿಯ ನಕಲೂ ಇತ್ತು.

ರಾಣಿ ಅಬ್ಬಕ್ಕನ ಊರಾದ ಉಳ್ಳಾಲಕ್ಕೆ ಮೂಡುಬಿದಿರೆ ಹೊರಗಿನದ್ದಲ್ಲ. ಎರಡೂ ಜೈನ ಚೌಟ ಅರಸರ ನೆಲೆಗಳೇ. ಮಳಖೇಡದ ಕೋಟೆ ಹಾಳಾಯಿತು, ರಾಷ್ಟ್ರಕೂಟರೂ ಹೋದರು. ಹೆಸರು ಬಿಟ್ಟು ತನ್ನ ಬಗ್ಗೆ ಏನೂ ಹೇಳಿಕೊಳ್ಳದ ಒಬ್ಬನ ಲೆಕ್ಕ ಉಳಿಯಿತು. ಅದನ್ನು ಕಾಪಾಡಿದ ಗರಿಗಳಲ್ಲಿ ಕೆಲವು ನಮ್ಮ ಜಿಲ್ಲೆಯವು.