ಶಬ್ದ ಬಂತು, ಗುಂಡು ಸಿಗಲಿಲ್ಲ: ಗ್ರಹಾಂ ಬೆಲ್‌ಗೆ ಪಾಠ ಕಲಿಸಿದ ಹಾಸಿಗೆ

ಟೆಲಿಫೋನ್ ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಹೆಸರು ಶಾಲೆಗೆ ಹೋದ ಎಲ್ಲರಿಗೂ ಗೊತ್ತು. ಆದರೆ ಮೆಟಲ್ ಡಿಟೆಕ್ಟರ್ ಕಥೆಯಲ್ಲೂ ಅವರಿದ್ದಾರೆ ಅನ್ನೋದು ಗೊತ್ತಿರೋರು ಕಡಿಮೆ.

ಬೆಲ್ ಹುಟ್ಟಿದ್ದು 1847ರ ಮಾರ್ಚ್ 3ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ತಾಯಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ, ಮುಂದೆ ಕೈಹಿಡಿದ ಹೆಂಡತಿ ಮೇಬಲ್‌ಗೂ ಕೇಳಿಸುತ್ತಿರಲಿಲ್ಲ. ಹೀಗಾಗಿ ಶಬ್ದದ ಬೆನ್ನು ಹತ್ತುವುದೇ ಅವರ ಬದುಕಾಯ್ತು. ಅಮೆರಿಕದಲ್ಲಿ ಕಿವುಡ ಮಕ್ಕಳಿಗೆ ಪಾಠ ಹೇಳಿದರು. 1876ರಲ್ಲಿ ಟೆಲಿಫೋನಿಗೆ ಪೇಟೆಂಟ್ ಪಡೆದರು.

1881ರ ಜುಲೈ 2ರಂದು ವಾಷಿಂಗ್ಟನ್ ರೈಲು ನಿಲ್ದಾಣದಲ್ಲಿ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಮೇಲೆ ಗುಂಡು ಹಾರಿತು. ಬೆನ್ನೊಳಗೆ ಹೊಕ್ಕ ಒಂದು ಗುಂಡು ಎಲ್ಲಿ ಕೂತಿದೆ ಅಂತ ವೈದ್ಯರಿಗೆ ತಿಳಿಯಲಿಲ್ಲ. ಆಗಿನ್ನೂ ಎಕ್ಸ್‌ರೇ ಬಂದಿರಲಿಲ್ಲ. ತೊಳೆಯದ ಬೆರಳುಗಳನ್ನೇ ಗಾಯದೊಳಗೆ ಹಾಕಿ ಹುಡುಕಿದರು.

ಸುದ್ದಿ ಕೇಳಿದ ಬೆಲ್ ಹಗಲು ರಾತ್ರಿ ಕೂತು ಯಂತ್ರ ಸಿದ್ಧಪಡಿಸಿದರು. ತಂತಿ ಸುತ್ತಿದ ಸುರುಳಿಗಳನ್ನು ತಕ್ಕಡಿ ತೂಗಿದ ಹಾಗೆ ಸರಿದೂಗಿಸಿ ಇಟ್ಟರೆ ಕಿವಿಗಿಟ್ಟ ಟೆಲಿಫೋನಿನಲ್ಲಿ ಶಬ್ದ ಇರಲ್ಲ. ಹತ್ತಿರ ಲೋಹ ಬಂದರೆ ಆ ಸಮತೋಲ ಕೆಟ್ಟು ಗುಂಯ್ ಅನ್ನುತ್ತೆ. ಮೈಯಲ್ಲಿ ಹಳೇ ಗುಂಡು ಉಳಿದಿದ್ದ ಮಾಜಿ ಸೈನಿಕರ ಮೇಲೆ ಪ್ರಯೋಗ ಮಾಡಿದಾಗ ಯಂತ್ರ ಕೆಲಸ ಮಾಡಿತು.

ಆದರೆ ಶ್ವೇತಭವನದಲ್ಲಿ ಕೈಕೊಟ್ಟಿತು. ಜುಲೈ 26ರಂದು ಜೋಡಣೆಯಲ್ಲೇ ತಪ್ಪಾಗಿ ಬರೀ ಗರಗರ ಸದ್ದು ಬಂತು. ಆಗಸ್ಟ್ 1ರಂದು ಮತ್ತೆ ಹೋದರು. ಗುಂಡು ಬಲಗಡೆಯೇ ಇದೆ ಅಂತ ನಂಬಿದ್ದ ಮುಖ್ಯ ವೈದ್ಯ ಬ್ಲಿಸ್ ಆ ಭಾಗವನ್ನು ಮಾತ್ರ ಹುಡುಕಲು ಬಿಟ್ಟರು. ಅಲ್ಲಿ ಶಬ್ದವೇನೋ ಬಂತು. ಆದರೆ ಸಣ್ಣ ಗುಂಡಾಗಿದ್ದರೆ ಒಂದೇ ಕಡೆ ಜೋರಾಗಿ ಕೇಳಬೇಕಿತ್ತು. ಇದು ಅಗಲಕ್ಕೆಲ್ಲ ಹರಡಿಕೊಂಡು ಮೆಲ್ಲಗೆ ಕೇಳಿಸಿತು. ವೈದ್ಯರು ತಮ್ಮ ಮಾತೇ ನಿಜವಾಯ್ತು ಅಂದುಕೊಂಡರು. ಬೆಲ್‌ಗೆ ಮಾತ್ರ ಅನುಮಾನ ಹೋಗಲಿಲ್ಲ. ವಿಚಾರಿಸಿದಾಗ ಮೇಲಿನ ಹಾಸಿಗೆಯ ಕೆಳಗೆ ಉಕ್ಕಿನ ತಂತಿಯ ಇನ್ನೊಂದು ಹಾಸಿಗೆ ಇದ್ದದ್ದು ಗೊತ್ತಾಯ್ತು!

ಅದೇ ಆಗಸ್ಟ್‌ನಲ್ಲಿ ಬೆಲ್ ದಂಪತಿಯ ಗಂಡು ಮಗು ದಿನ ತುಂಬುವ ಮೊದಲೇ ಹುಟ್ಟಿ, ಉಸಿರಾಟ ಸಾಗದೆ ಕೆಲವೇ ಗಂಟೆಗಳಲ್ಲಿ ತೀರಿಕೊಂಡಿತು. ಆ ದುಃಖದಲ್ಲೇ ಅವರು ಉಸಿರಾಟಕ್ಕೆ ನೆರವಾಗುವ ಸಾಧನವೊಂದನ್ನು ರೂಪಿಸಿದರು.

ಸೆಪ್ಟೆಂಬರ್ 19ರಂದು ಗಾರ್ಫೀಲ್ಡ್ ಕೊನೆಯುಸಿರೆಳೆದರು. ಪ್ರಾಣ ತೆಗೆದದ್ದು ಗುಂಡಿಗಿಂತ ಹೆಚ್ಚಾಗಿ ಗಾಯಕ್ಕೆ ತಗುಲಿದ ಸೋಂಕು ಎಂಬುದು ಇಂದಿನ ಬಹುತೇಕರ ಅಭಿಪ್ರಾಯ. ಮರಣೋತ್ತರ ಪರೀಕ್ಷೆಯಲ್ಲಿ ಗುಂಡು ಸಿಕ್ಕಿದ್ದು ಎಡಗಡೆ, ಯಂತ್ರವನ್ನು ಆಡಿಸದೇ ಇದ್ದ ಜಾಗದ ಆಳದಲ್ಲಿ.

ಬೆಲ್ 1922ರ ಆಗಸ್ಟ್ 2ರಂದು ಕೆನಡಾದಲ್ಲಿ ತೀರಿಕೊಂಡರು. ಇವತ್ತು ಬಾಗಿಲಲ್ಲಿ ನಿಲ್ಲಿಸುವ ಯಂತ್ರವಾಗಲಿ, ನೆಲದ ಮೇಲೆ ಆಡಿಸುವ ಡಿಟೆಕ್ಟರ್ ಆಗಲಿ, ಮೂಲ ತತ್ವ ಅದೇ. ಹತ್ತಿರದ ದೊಡ್ಡ ಕಬ್ಬಿಣ ಆಳದ ಸಣ್ಣ ವಸ್ತುವಿನ ಸದ್ದನ್ನು ನುಂಗಿಬಿಡುತ್ತೆ. ಲೋಹ ಇದೆ ಅಂತ ಯಂತ್ರ ಹೇಳುತ್ತೆ. ಅದು ಯಾವುದು, ಎಲ್ಲಿಯದು ಅಂತ ತಿಳಿಯೋಕೆ ಶಬ್ದ ಎಷ್ಟು ಅಗಲ, ಎಷ್ಟು ಜೋರು ಅಂತ ಗಮನಿಸಬೇಕು, ಸುತ್ತಮುತ್ತ ಏನಿದೆ ಅಂತಲೂ ಒಮ್ಮೆ ನೋಡಬೇಕು.